ಆಘಾತ ಹೊರುವ ಯಂತ್ರಭಾಗಗಳು: ಎಫ್‌ಇಎ ವರದಿಯನ್ನು ಓದುವುದು ಹೇಗೆ?

ವಾಹನ, ಕೃಷಿ ಯಂತ್ರ, ಪಂಪು ಮುಂತಾದವುಗಳ ತಯಾರಕರಿಗೆ ಬಿಡಿಭಾಗಗಳನ್ನು ಪೂರೈಸುವ ಸಣ್ಣ ಉದ್ದಿಮೆದಾರರಿಗೆ ಬರುವ ದರ ವಿಚಾರಣಾ ಪತ್ರಗಳಲ್ಲಿ ಒಂದು ಷರತ್ತು ಈಗ ಮಾಮೂಲಾಗಿದೆ. ನಕ್ಷೆಗೆ ಅನುಗುಣವಾದ ದರದೊಂದಿಗೆ "ಆಘಾತ ಪರೀಕ್ಷೆಯ ಎಫ್‌ಇಎ ವರದಿ"ಯನ್ನೂ ಲಗತ್ತಿಸತಕ್ಕದ್ದು ಎಂಬುದೇ ಆ ಷರತ್ತು. ಪೀಣ್ಯದ ಶೀಟ್‌ಮೆಟಲ್ ಘಟಕವಿರಲಿ, ಬೆಳಗಾವಿಯ ಉದ್ಯಮಬಾಗದ ಅಥವಾ ಶಿವಮೊಗ್ಗದ ಮಾಚೇನಹಳ್ಳಿಯ ಎರಕದ ಘಟಕವಿರಲಿ, ಮಾಲೀಕರು ಸಾಮಾನ್ಯವಾಗಿ ಮಾಡುವುದು ಒಂದೇ. ಯಾವುದಾದರೊಂದು ವಿಶ್ಲೇಷಣಾ ಸಂಸ್ಥೆಗೆ ನಕ್ಷೆ ಕಳುಹಿಸುತ್ತಾರೆ. ಕೆಂಪು, ಹಳದಿ, ನೀಲಿ ಬಣ್ಣಗಳ ಚಿತ್ರಗಳಿರುವ ವರದಿ ಬರುತ್ತದೆ. ಕೊನೆಯ ಪುಟದಲ್ಲಿ "ವಿನ್ಯಾಸವು ಸುರಕ್ಷಿತ" ಎಂದಿದ್ದರೆ ಅದನ್ನು ಗ್ರಾಹಕರಿಗೆ ರವಾನಿಸಿ, ಬಿಲ್ಲನ್ನು ಲೆಕ್ಕಪತ್ರ ವಿಭಾಗಕ್ಕೆ ಕೊಟ್ಟು ಡೈ ಮಾಡಿಸಲು ಮುಂಗಡ ಕೊಡುತ್ತಾರೆ. ಪರೀಕ್ಷಾ ಯಂತ್ರದ ಮೇಲೆ ಮಾಲು ಬಿರುಕು ಬಿಟ್ಟ ದಿನ ಆ ವರದಿಯನ್ನು ಮೊದಲ ಬಾರಿಗೆ ಪೂರ್ತಿ ಓದಲಾಗುತ್ತದೆ. ಅಷ್ಟರಲ್ಲಿ ಡೈಗೆ ತಗುಲಿದ ಹಣ ಹೋಗಿರುತ್ತದೆ, ಪೂರೈಕೆಯ ಗಡುವು ಮೀರಿರುತ್ತದೆ, ಗ್ರಾಹಕರ ಡೆಬಿಟ್ ನೋಟ್ ಮೇಜಿನ ಮೇಲಿರುತ್ತದೆ.

ಈ ವಿಶ್ಲೇಷಣೆಯ ಗಣಿತವನ್ನು ಮಾಲೀಕರು ಕಲಿಯಬೇಕಾಗಿಲ್ಲ. ಆದರೆ ತಮ್ಮ ಸಂಸ್ಥೆಯ ಲೆಕ್ಕಪರಿಶೋಧನಾ ವರದಿಯನ್ನು ಓದುವಷ್ಟು ಎಚ್ಚರದಿಂದ ಇದನ್ನೂ ಓದಬಹುದು.

ಆಘಾತವೆಂದರೆ ಬರಿಯ ಭಾರವಲ್ಲ

10 ಕಿ.ಗ್ರಾಂ. ತೂಕದ ಒಂದು ಪೆಟ್ಟಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟರೆ ಅದರ ತಳವು ತಾಳಬೇಕಾದುದು 10 ಕಿ.ಗ್ರಾಂ. ಭಾರವನ್ನಷ್ಟೆ. ಅದೇ ಪೆಟ್ಟಿಗೆ 1 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್, ಅದು ಹೊತ್ತು ತಂದ ಶಕ್ತಿ ಸುಮಾರು 98 ಜೂಲ್. ಪೆಟ್ಟಿಗೆಯ ತಳ 2 ಮಿ.ಮೀ. ಮಾತ್ರ ನೆಗ್ಗಿ ನಿಂತರೆ ಅದರ ಮೇಲೆ ಬೀಳುವ ಸರಾಸರಿ ಬಲ 5 ಟನ್ನಿನಷ್ಟಾಗುತ್ತದೆ. 20 ಮಿ.ಮೀ. ನೆಗ್ಗಿ ನಿಂತರೆ ಅರ್ಧ ಟನ್. ತೂಕ, ಎತ್ತರ ಎರಡೂ ಬದಲಾಗಿಲ್ಲ. ಬದಲಾದದ್ದು ನಿಲ್ಲಲು ಸಿಕ್ಕ ಅಂತರ ಮಾತ್ರ. ಬಲಪಡಿಸಬೇಕೆಂದು ದಪ್ಪ ಹೆಚ್ಚಿಸಿದ ಬ್ರಾಕೆಟ್ಟು ಕೆಲವೊಮ್ಮೆ ತಾನು ಉಳಿದು, ತನ್ನನ್ನು ಹಿಡಿದಿರುವ ಬೋಲ್ಟನ್ನು ಮುರಿಯುವುದು ಈ ಕಾರಣದಿಂದಲೇ.

ಹಳೆಯ ನಕ್ಷೆಗಾರರಿಗೆ ಇದು ತಿಳಿಯದ್ದೇನಲ್ಲ. ಯಾವುದೇ ಎತ್ತರವಿಲ್ಲದೆ ಭಾರವನ್ನು ಒಮ್ಮೆಲೇ ಬಿಟ್ಟರೂ ಸ್ಟ್ರೆಸ್ ಎರಡು ಪಟ್ಟಾಗುತ್ತದೆಂದು ಪಠ್ಯಪುಸ್ತಕದ ಸೂತ್ರವೇ ಹೇಳುತ್ತದೆ. ಮೆಲ್ಲಗೆ ಇಟ್ಟಾಗ 0.5 ಮಿ.ಮೀ. ಬಾಗುವ ತೊಲೆಯ ಮೇಲೆ ಅದೇ ಭಾರ 100 ಮಿ.ಮೀ. ಎತ್ತರದಿಂದ ಬಿದ್ದರೆ ಪೆಟ್ಟು 21 ಪಟ್ಟು. ಆದರೆ ಆ ಸೂತ್ರ ಒಂದೇ ತೊಲೆಗೆ, ಅದೂ ಬಾಗಿ ಮತ್ತೆ ನೆಟ್ಟಗಾಗುವ ಮಿತಿಯೊಳಗೆ ಅನ್ವಯಿಸುವಂಥದು. ನಾಲ್ಕು ಬೋಲ್ಟು, ಎರಡು ಬೆಸುಗೆ, ಒಂದು ರಬ್ಬರ್ ಬುಷ್ ಸೇರಿದ ಜೋಡಣೆಯಲ್ಲಿ ಪೆಟ್ಟು ಯಾವ ದಾರಿಯಲ್ಲಿ ಸಾಗಿ ಎಲ್ಲಿ ತಂಗುತ್ತದೆಂಬುದನ್ನು ಅದು ಹೇಳಲಾರದು. ಫೈನೈಟ್ ಎಲಿಮೆಂಟ್ ವಿಶ್ಲೇಷಣೆ ಅವಶ್ಯವಾಗುವುದು ಇಲ್ಲಿ.

ವಿಧಾನ ಬೆಳೆದು ಬಂದ ದಾರಿ

ಇಡೀ ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಸರಳ ಸಮೀಕರಣ ಬರೆದು, ಎಲ್ಲವನ್ನೂ ಒಟ್ಟಿಗೆ ಬಿಡಿಸುವುದು ಈ ವಿಧಾನದ ತಿರುಳು. ಗಣಿತಜ್ಞ ರಿಚರ್ಡ್ ಕೂರಾಂಟ್ 1943ರ ಪ್ರಬಂಧವೊಂದರಲ್ಲಿ ಇದರ ಬೀಜವಿದೆ. 1956ರಲ್ಲಿ ಟರ್ನರ್, ಕ್ಲೌ, ಮಾರ್ಟಿನ್ ಮತ್ತು ಟಾಪ್ ಇವರು ವಿಮಾನದ ರಚನೆಗಳಿಗಾಗಿ ಇದನ್ನು ಬಳಕೆಗೆ ತಂದರು; 1960ರಲ್ಲಿ ರೇ ಕ್ಲೌ ಅವರು ಈಗಿನ ಹೆಸರನ್ನಿಟ್ಟರು. ಅದು ಮುಖ್ಯವಾಗಿ ಸ್ಥಿರ ಭಾರದ ಲೆಕ್ಕ.

ಆಘಾತದ ಲೆಕ್ಕ ಬೇರೆ ದಾರಿಯಿಂದ, ಶಸ್ತ್ರಾಗಾರದಿಂದ ಬಂದಿತು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ 1976ರಲ್ಲಿ ಡೈನಾ3ಡಿ ಎಂಬ ಪ್ರೋಗ್ರಾಮನ್ನು ಬರೆದರು. ಕಡಿಮೆ ಎತ್ತರದಿಂದ ಕೆಳಗೆ ಬಿಡುವ ಬಾಂಬಿನ ಕವಚವು ನೆಲದ ಪೆಟ್ಟನ್ನು ತಾಳುವುದೇ ಎಂದು ತಿಳಿಯುವುದು ಅದರ ಉದ್ದೇಶವಾಗಿತ್ತು. ಆ ಬಾಂಬಿನ ಯೋಜನೆ ರದ್ದಾಯಿತು, ಪ್ರೋಗ್ರಾಂ ಮಾತ್ರ ಉಳಿಯಿತು. ಯೂರೋಪಿನಲ್ಲಿ ಇಎಸ್‌ಐ ಎಂಬ ಸಂಸ್ಥೆಯು ಅಣುಸ್ಥಾವರಕ್ಕೆ ಯುದ್ಧವಿಮಾನ ಅಪ್ಪಳಿಸುವುದರ ಗಣಕ ಲೆಕ್ಕವನ್ನು 1978ರಲ್ಲಿ ಜರ್ಮನಿಯ ಎಂಜಿನಿಯರುಗಳ ಮುಂದಿಟ್ಟಾಗ ಅಲ್ಲಿನ ಕಾರು ತಯಾರಕರು ಎಚ್ಚೆತ್ತರು. 1980ರ ದಶಕದ ನಡುವಿನ ಹೊತ್ತಿಗೆ ಇಡೀ ಕಾರಿನ ಮುಂಭಾಗದ ಡಿಕ್ಕಿಯನ್ನು ಒಂದೇ ರಾತ್ರಿಯಲ್ಲಿ ಲೆಕ್ಕಹಾಕುವುದು ಸಾಧ್ಯವಾಯಿತು. ಸಂಜೆ ಕೊಟ್ಟ ಲೆಕ್ಕ ಬೆಳಗ್ಗೆ ಕೈಸೇರಿದರೆ ವಿನ್ಯಾಸಗಾರ ದಿನಕ್ಕೊಂದು ಬದಲಾವಣೆಯನ್ನು ಪರಿಶೀಲಿಸಬಹುದು. ಉದ್ಯಮ ಇದನ್ನು ಒಪ್ಪಿಕೊಂಡದ್ದು ಈ ಅನುಕೂಲಕ್ಕಾಗಿ. ಹಾಲ್‌ಕ್ವಿಸ್ಟ್ 1987ರಲ್ಲಿ ಸ್ವಂತ ಸಂಸ್ಥೆ ಆರಂಭಿಸಿದರು. ಅವರ ಎಲ್‌ಎಸ್-ಡೈನಾ 2019ರಲ್ಲಿ ಆನ್ಸಿಸ್ ಕೈಸೇರಿತು, ಆನ್ಸಿಸ್ ಸಂಸ್ಥೆಯನ್ನು 2025ರಲ್ಲಿ ಸಿನಾಪ್ಸಿಸ್ ಕೊಂಡಿತು. ಇದೇ ವರ್ಗದ ರೇಡಿಯಾಸ್ ಎಂಬ ಪ್ರೋಗ್ರಾಮಿನ ಮುಕ್ತ ಆವೃತ್ತಿಯಾದ ಓಪನ್‌ರೇಡಿಯಾಸ್ 2022ರಿಂದ ಯಾರಿಗೆ ಬೇಕಾದರೂ ಉಚಿತವಾಗಿ ದೊರೆಯುತ್ತಿದೆ. ಆದ್ದರಿಂದ ವಿಶ್ಲೇಷಣಾ ಸಂಸ್ಥೆಯ ಶುಲ್ಕವೆಂಬುದು ಸಾಫ್ಟ್‌ವೇರ್ ಬಾಡಿಗೆ ಮಾತ್ರವೇ ಅಲ್ಲ, ಅದನ್ನು ನಡೆಸುವವರ ವಿವೇಚನೆಯ ಬೆಲೆಯೂ ಹೌದು.

ಕಾಲದ ತುಣುಕುಗಳು ಮತ್ತು ಶುಲ್ಕ

ಆಘಾತದ ಲೆಕ್ಕದಲ್ಲಿ ವಸ್ತುವನ್ನು ಮಾತ್ರವಲ್ಲದೆ ಕಾಲವನ್ನೂ ತುಣುಕು ಮಾಡಬೇಕಾಗುತ್ತದೆ. ಪೆಟ್ಟಿನ ಅಲೆ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,000 ಮೀಟರ್ ವೇಗದಲ್ಲಿ ಸಾಗುತ್ತದೆ. ಅದು ಒಂದು ತುಂಡನ್ನು ದಾಟುವ ಮೊದಲೇ ಲೆಕ್ಕದ ಮುಂದಿನ ಹೆಜ್ಜೆ ಇಡಬೇಕೆಂಬುದು ನಿಯಮ. ಕೂರಾಂಟ್ ಇನ್ನಿಬ್ಬರೊಂದಿಗೆ 1928ರಲ್ಲಿಯೇ ಇದನ್ನು ನಿರೂಪಿಸಿದ್ದರು. ತುಂಡಿನ ಅಳತೆ 5 ಮಿ.ಮೀ. ಇದ್ದರೆ ಒಂದು ಹೆಜ್ಜೆಯೆಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮುಗಿಯುವ ಡಿಕ್ಕಿಗೆ ಒಂದು ಲಕ್ಷ ಹೆಜ್ಜೆಗಳು ಬೇಕು. ಹೆಚ್ಚು ನಿಖರತೆಗಾಗಿ ಘನ ವಸ್ತುವಿನ ತುಂಡಿನ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ತುಂಡುಗಳ ಸಂಖ್ಯೆ 8 ಪಟ್ಟು, ಹೆಜ್ಜೆಗಳು 2 ಪಟ್ಟು, ಒಟ್ಟು ಕೆಲಸ 16 ಪಟ್ಟು ಆಗುತ್ತದೆ. ಎರಡು ಸಂಸ್ಥೆಗಳ ದರಪಟ್ಟಿಯಲ್ಲಿ ಅಜಗಜಾಂತರವಿದ್ದಾಗ ಮೊದಲು ವಿಚಾರಿಸಬೇಕಾದುದು ಬೆಲೆಯನ್ನಲ್ಲ, ತುಂಡಿನ ಅಳತೆಯನ್ನು.

ಇಡೀ ಮಾದರಿಯಲ್ಲಿ ಒಂದೇ ಒಂದು ತುಂಡು 0.5 ಮಿ.ಮೀ. ಇದ್ದರೂ ಎಲ್ಲ ತುಂಡುಗಳೂ ಅದರ ಹೆಜ್ಜೆಗೇ ಕಾಯಬೇಕು. ಇದನ್ನು ತಪ್ಪಿಸಲು ಅಂಥ ಸಣ್ಣ ತುಂಡುಗಳಿಗೆ ಕೃತಕವಾಗಿ ತೂಕ ಸೇರಿಸಿ ಅಲೆಯ ವೇಗವನ್ನು ತಗ್ಗಿಸುವುದುಂಟು. ಮಾಸ್ ಸ್ಕೇಲಿಂಗ್ ಎಂಬ ಈ ಉಪಾಯ ಮಿತಿಯಲ್ಲಿದ್ದರೆ ತಪ್ಪಲ್ಲ. ಆದರೆ ಸೇರಿಸಿದ ತೂಕವು ಒಟ್ಟು ತೂಕದ ಶೇಕಡಾ ಎಷ್ಟು, ಯಾವ ಭಾಗದಲ್ಲಿ ಸೇರಿಸಲಾಗಿದೆ ಎಂಬುದು ವರದಿಯಲ್ಲಿರಬೇಕು. ಪೆಟ್ಟು ತಿನ್ನುವ ಭಾಗದಲ್ಲಿಯೇ ಇಲ್ಲದ ತೂಕ ಸೇರಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ.

ಜೋಡಣೆಯೇ ನಿಜವಾದ ಪ್ರಶ್ನೆ

ಮಾಲು ಒಡೆಯುವುದು ಹೆಚ್ಚಾಗಿ ಕೂಡುವೆಡೆಯಲ್ಲಿ. ವರದಿಗಳು ಅತ್ಯಂತ ಕಡಿಮೆ ಮಾತಾಡುವುದೂ ಅಲ್ಲಿಯೇ.

ಒಂದು ಎಂ10 ಅಳತೆಯ, 8.8 ದರ್ಜೆಯ ಬೋಲ್ಟನ್ನು ಸರಿಯಾಗಿ ಬಿಗಿದರೆ ಅದು ಎರಡು ತಟ್ಟೆಗಳನ್ನು ಸುಮಾರು ಎರಡೂವರೆ ಟನ್ ಬಲದಿಂದ ಒತ್ತಿ ಹಿಡಿದಿರುತ್ತದೆ. ಪೆಟ್ಟು ಬಿದ್ದಾಗ ತಟ್ಟೆಗಳು ಮೊದಲು ಆ ಬಿಗಿತದಿಂದ ಹುಟ್ಟಿದ ಘರ್ಷಣೆಯನ್ನು ಮೀರಿ ಜಾರಬೇಕು. ಆಮೇಲೆ ಬೋಲ್ಟಿನ ಕಂಬ ರಂಧ್ರದ ಅಂಚಿಗೆ ತಾಗಬೇಕು. ಅನಂತರವೇ ಬೋಲ್ಟು ಕತ್ತರಿಸುವ ಪ್ರಶ್ನೆ. ಸ್ಪ್ಯಾನರಿನ ತಿರುವು ಬಲದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಬಿಗಿತವಾಗಿ ಪರಿಣಮಿಸುತ್ತದೆ, ಉಳಿದುದು ತಲೆಯ ಕೆಳಗಿನ ಮತ್ತು ಮರೆಯ ಘರ್ಷಣೆಗೆ ಹೋಗುತ್ತದೆ. ಮರೆಗೆ ಎಣ್ಣೆ ಸವರಿದ ಮಾತ್ರಕ್ಕೆ ಅದೇ ತಿರುವು ಬಲ ಬೇರೆಯೇ ಬಿಗಿತವನ್ನು ಕೊಡುತ್ತದೆಂಬುದು ಅಸೆಂಬ್ಲಿ ವಿಭಾಗದವರಿಗೆಲ್ಲ ಗೊತ್ತು. ಇಷ್ಟೆಲ್ಲವನ್ನೂ ಮಾದರಿಯಲ್ಲಿ ತೋರಿಸಲು ಸಮಯ ಹಿಡಿಯುವುದರಿಂದ ಅನೇಕರು ಎರಡು ತಟ್ಟೆಗಳ ಮುಖಗಳನ್ನು ಅಂಟಿಸಿಬಿಡುತ್ತಾರೆ. "ಟೈಡ್ ಕಾಂಟ್ಯಾಕ್ಟ್" ಎಂಬ ಪದ ವರದಿಯಲ್ಲಿ ಕಂಡರೆ ಅದರ ಅರ್ಥ ಇದೇ. ಅಂಟಿಸಿದ ಮುಖ ಜಾರುವುದಿಲ್ಲ, ಬಾಯಿ ಬಿಡುವುದಿಲ್ಲ. ಆ ಮಾದರಿಯಲ್ಲಿ ಬೋಲ್ಟು ಎಂದಿಗೂ ಮುರಿಯದು. ಬೆಸುಗೆಯ ವಿಷಯದಲ್ಲೂ ಇದೇ ಮಾತು. ಬೆಸುಗೆಯ ಪಕ್ಕದ, ಶಾಖ ತಗುಲಿದ ಲೋಹಕ್ಕೆ ಮೂಲ ತಗಡಿನ ಗುಣವನ್ನೇ ಕೊಟ್ಟಿದ್ದರೆ ಆ ವರದಿ ಬೆಸುಗೆಯ ಬಗ್ಗೆ ಏನನ್ನೂ ಹೇಳಿದಂತಾಗಲಿಲ್ಲ.

ಉದಾಹರಣೆಗೆ ಅಲ್ಯೂಮಿನಿಯಂ ಎರಕದ ಕಾರು ಚಕ್ರದ ಆಘಾತ ಪರೀಕ್ಷೆಯನ್ನು ನೋಡಬಹುದು. ಐಎಸ್‌ಓ 7141 ಮಾನಕದಂತೆ ಟಯರ್ ಸಮೇತ ಚಕ್ರವನ್ನು 13 ಡಿಗ್ರಿ ಓರೆಯಾಗಿ ನಿಲ್ಲಿಸಿ, ಅದರ ಅಂಚಿನ ಮೇಲೆ 230 ಮಿ.ಮೀ. ಎತ್ತರದಿಂದ ಭಾರವೊಂದನ್ನು ಬೀಳಿಸುತ್ತಾರೆ. ಚಕ್ರ ಹೊರಬೇಕಾದ ಗರಿಷ್ಠ ಭಾರದ 0.6 ಪಾಲಿಗೆ 180 ಕಿ.ಗ್ರಾಂ. ಸೇರಿಸಿದರೆ ಬೀಳುವ ಭಾರ ಸಿಗುತ್ತದೆ. 500 ಕಿ.ಗ್ರಾಂ. ಹೊರುವ ಚಕ್ರಕ್ಕೆ 480 ಕಿ.ಗ್ರಾಂ.; ಶಕ್ತಿ ಸುಮಾರು 1,083 ಜೂಲ್. ಚಕ್ರದ ನಡುಭಾಗದಲ್ಲಿ ಕಣ್ಣಿಗೆ ಕಾಣುವ ಬಿರುಕು ಬಿಟ್ಟರೆ, ನಡುಭಾಗ ರಿಮ್ಮಿನಿಂದ ಬೇರ್ಪಟ್ಟರೆ, ಅಥವಾ ಒಂದು ನಿಮಿಷದೊಳಗೆ ಟಯರಿನ ಗಾಳಿಯೆಲ್ಲ ಹೋದರೆ ಚಕ್ರ ಅನುತ್ತೀರ್ಣ. ಅಂಚು ನೆಗ್ಗಿದ ಮಾತ್ರಕ್ಕೆ ಅನುತ್ತೀರ್ಣವಲ್ಲ.

ಪರೀಕ್ಷೆಗೊಳಗಾಗುವುದು ಚಕ್ರವೆಂದು ಕಂಡರೂ ಪೆಟ್ಟು ತಿನ್ನುವುದು ಒಂದು ಜೋಡಣೆ. ಟಯರು ಶಕ್ತಿಯ ಒಂದು ಪಾಲನ್ನು ನುಂಗುತ್ತದೆ. ಪರೀಕ್ಷಾ ಪೀಠದ ಕೆಳಗಿನ ರಬ್ಬರ್ ಮೆತ್ತೆಗಳು ಇನ್ನೊಂದು ಪಾಲನ್ನು. ಟಯರನ್ನು ಬಿಟ್ಟು ಲೆಕ್ಕ ಮಾಡಿದರೆ ಒಳ್ಳೆಯ ಚಕ್ರವೂ ಮುರಿದಂತೆ ಕಂಡು, ತಯಾರಕರು ಪ್ರತಿ ಚಕ್ರಕ್ಕೂ ಅನಗತ್ಯ ಲೋಹ ಸುರಿಯಬೇಕಾದೀತು. ಟಯರನ್ನು ಬೇಕಾದುದಕ್ಕಿಂತ ಮೆತ್ತಗೆ ತೋರಿಸಿದರೆ ಕೆಟ್ಟ ಚಕ್ರವೂ ಉತ್ತೀರ್ಣವಾಗುತ್ತದೆ. ಮೊದಲನೆಯದು ಲಾಭವನ್ನು ತಿನ್ನುವ ತಪ್ಪು, ಎರಡನೆಯದು ಮಾರುಕಟ್ಟೆಯಿಂದ ಮಾಲನ್ನು ಹಿಂದಕ್ಕೆ ತರಿಸುವ ತಪ್ಪು.

ಇನ್ನು ಲೋಹದ ಗುಣ. ಪ್ರತ್ಯೇಕವಾಗಿ ಎರಕ ಹೊಯ್ದ ಪರೀಕ್ಷಾ ಕಡ್ಡಿ ಬೇಗ ತಣಿಯುವುದರಿಂದ ಅದರ ಲೋಹ ಗಟ್ಟಿಯಾಗಿ, ಚೆನ್ನಾಗಿ ಎಳೆತ ತಾಳುತ್ತದೆ. ಅದೇ ಲೋಹ ಚಕ್ರದ ದಪ್ಪ ನಡುಭಾಗದಲ್ಲಿ ನಿಧಾನವಾಗಿ ತಣಿದು, ಸಣ್ಣ ಸಣ್ಣ ರಂಧ್ರಗಳನ್ನು ಉಳಿಸಿಕೊಂಡು, ಬೇಗ ಬಿರುಕು ಬಿಡುತ್ತದೆ. ವರದಿಗೆ ಕಡ್ಡಿಯ ಅಂಕಿಗಳನ್ನು ಕೊಟ್ಟು ಚಕ್ರದ ಭವಿಷ್ಯ ಕೇಳಿದರೆ ಉತ್ತರ ಕಡ್ಡಿಯದೇ ಆಗಿರುತ್ತದೆ. ಮಾಲಿನಿಂದಲೇ ಕತ್ತರಿಸಿ ತೆಗೆದ ತುಂಡಿನ ಪರೀಕ್ಷೆಗೆ ತಗಲುವ ವೆಚ್ಚ, ಇಡೀ ವಿಶ್ಲೇಷಣೆಯಲ್ಲಿ ಅತ್ಯಂತ ಸಾರ್ಥಕವಾದ ವೆಚ್ಚ ಎನ್ನಬಹುದು. ಹೊಸ ಡೈ ಇನ್ನೂ ಇಲ್ಲದಿದ್ದಲ್ಲಿ, ಅದೇ ಫೌಂಡ್ರಿಯ ಅಷ್ಟೇ ದಪ್ಪದ ಹಳೆಯ ಮಾಲಿನಿಂದ ತುಂಡು ತೆಗೆಯಬಹುದು.

ಕಬ್ಬಿಣದ ಎರಕದವರಿಗೂ ಇಲ್ಲಿ ಒಂದು ಸೂಚನೆಯಿದೆ. ಐಎಸ್ 1865ರ ಎಸ್‌ಜಿ 500/7 ದರ್ಜೆಯ ಕಬ್ಬಿಣದ ತಾಳಿಕೆ ಎಸ್‌ಜಿ 400/15ಕ್ಕಿಂತ ಹೆಚ್ಚು. ಆದರೆ ಎರಡನೆಯ ಅಂಕಿ ಎಲಾಂಗೇಷನ್, ಅಂದರೆ ಮುರಿಯುವ ಮುನ್ನ ಶೇಕಡಾ ಎಷ್ಟು ಉದ್ದವಾಗುತ್ತದೆಂಬುದು. ಪೆಟ್ಟನ್ನು ನುಂಗುವ ಶಕ್ತಿ ಎರಡೂ ಅಂಕಿಗಳನ್ನು ಅವಲಂಬಿಸಿರುವುದರಿಂದ, ಸ್ಥಿರ ಭಾರಕ್ಕೆ 500/7 ಮೇಲಾದರೂ ಆಘಾತಕ್ಕೆ 400/15 ಮೇಲಾಗುವ ಸಂದರ್ಭಗಳು ಬಹಳ. ಮೈಲ್ಡ್ ಸ್ಟೀಲಿನ ಮಟ್ಟಿಗೆ ಮತ್ತೊಂದು ವಿಶೇಷವಿದೆ: ವೇಗವಾಗಿ ಎಳೆದಷ್ಟೂ ಅದು ಬಗ್ಗಲು ಹೆಚ್ಚು ಬಲ ಕೇಳುತ್ತದೆ. ಕೌಪರ್ ಮತ್ತು ಸೈಮಂಡ್ಸ್ ಅವರ 1957ರ ಸೂತ್ರಕ್ಕೆ ರೂಢಿಯ ಅಂಕಿಗಳನ್ನು ಹಾಕಿದರೆ, ಪ್ರತಿ ಮಿಲಿಮೀಟರ್ ಉದ್ದವೂ ಸೆಕೆಂಡಿಗೆ 40 ಮಿ.ಮೀ. ದರದಲ್ಲಿ ಹಿಗ್ಗುವಾಗ ಉಕ್ಕಿನ ಯೀಲ್ಡ್ ಬಿಂದು ಸುಮಾರು ಇಮ್ಮಡಿಯಾಗುತ್ತದೆ. ಅಲ್ಯೂಮಿನಿಯಂನಲ್ಲಿ ಈ ಅನುಕೂಲ ತೀರ ಅಲ್ಪ. ಉಕ್ಕಿನ ಅಂಕಿಗಳನ್ನು ಅಲ್ಯೂಮಿನಿಯಂ ಭಾಗಕ್ಕೆ ನಕಲು ಮಾಡಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳುವುದು ಒಳಿತು.

ಶಕ್ತಿಯ ತಾಳೆಪಟ್ಟಿ

ವಾಣಿಜ್ಯ ಬಲ್ಲವರಿಗೆ ವರದಿಯ ಎಲ್ಲ ಪುಟಗಳಿಗಿಂತ ಸುಲಭವಾಗಿ ಅರ್ಥವಾಗುವ ಪುಟವೊಂದಿದೆ. ಅದು ಬಣ್ಣದ ಚಿತ್ರವಲ್ಲ, ನಾಲ್ಕೈದು ಗೆರೆಗಳ ನಕ್ಷೆ. ಬೀಳುವ ಭಾರ ತಂದ ಶಕ್ತಿ ಜಮೆಯಾದರೆ, ಅದು ಲೋಹವನ್ನು ಬಗ್ಗಿಸಲು, ಮುಖಗಳ ಘರ್ಷಣೆಗೆ, ಮರಳಿ ಪುಟಿಯಲು ಖರ್ಚಾಗಿರಬೇಕು. ಒಟ್ಟು ಮೊತ್ತ ಮೊದಲಿನಿಂದ ಕೊನೆಯವರೆಗೆ ಬದಲಾಗಬಾರದು. ಚಕ್ರದ ಉದಾಹರಣೆಯಲ್ಲಿ 1,083 ಜೂಲ್‌ನಿಂದ ಆರಂಭವಾದ ಲೆಕ್ಕ ಕೊನೆಯಲ್ಲಿ 1,300 ತೋರಿಸಿದರೆ, ಎಲ್ಲಿಂದಲೋ ಬಾರದ ಹಣ ಬಂದಿದೆಯೆಂದು ಯಾವ ಗುಮಾಸ್ತನಾದರೂ ಹೇಳಿಯಾನು.

ಈ ಪಟ್ಟಿಯಲ್ಲಿ ಅವರ್‌ಗ್ಲಾಸ್ ಶಕ್ತಿ ಎಂಬ ಗೆರೆಯೊಂದಿರುತ್ತದೆ. ಗಣಕದ ಸಮಯ ಉಳಿಸಲು ಪ್ರತಿ ತುಂಡಿನ ಸ್ಟ್ರೆಸ್ಸನ್ನು ಅದರ ನಟ್ಟನಡುವಿನ ಒಂದು ಬಿಂದುವಿನಲ್ಲಷ್ಟೆ ಲೆಕ್ಕಹಾಕುವ ರೂಢಿಯಿದೆ. ಆಗ ತುಂಡು ಡಮರುವಿನಂತೆ ಸೊಟ್ಟಗಾದರೂ ಆ ಬಿಂದುವಿಗೆ ಅದು ಗೊತ್ತೇ ಆಗುವುದಿಲ್ಲ. ಅದನ್ನು ತಡೆಯಲು ಪ್ರೋಗ್ರಾಂ ಒಂದು ಕೃತಕ ಬಲವನ್ನು ಹೇರುತ್ತದೆ. ಅದಕ್ಕೆ ಹೋದ ಶಕ್ತಿಯೇ ಇದು. ನಿಜವಾದ ಮಾಲಿನಲ್ಲಿ ಇಂಥ ಶಕ್ತಿಯೇ ಇಲ್ಲ. ಅಂದರೆ ಇದು ಸಸ್ಪೆನ್ಸ್ ಖಾತೆ. ಲೋಹ ನುಂಗಿದ ಶಕ್ತಿಯ ಶೇಕಡಾ 5ರೊಳಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಘರ್ಷಣೆಯ ಗೆರೆ ಸೊನ್ನೆಗಿಂತ ಕೆಳಗಿಳಿದಿದ್ದರೆ ಎರಡು ಭಾಗಗಳು ಒಂದರೊಳಗೊಂದು ತೂರಿಕೊಂಡಿರುವ ಶಂಕೆ ಬರಬೇಕು.

ಹಾಗೆಂದು ಪಟ್ಟಿ ತಾಳೆಯಾದೊಡನೆ ನೆಮ್ಮದಿ ಬೇಡ. ಬರೆಯದೇ ಬಿಟ್ಟ ವ್ಯವಹಾರವನ್ನಾಗಲಿ, ತಪ್ಪು ಖಾತೆಗೆ ಬರೆದ ಮೊತ್ತವನ್ನಾಗಲಿ ಟ್ರಯಲ್ ಬ್ಯಾಲೆನ್ಸ್ ಹಿಡಿದುಕೊಡುವುದಿಲ್ಲ. ಮಾದರಿಯಲ್ಲಿ ಬೋಲ್ಟೊಂದನ್ನು ಬಿಟ್ಟಿದ್ದರೂ, ಲೋಹದ ದರ್ಜೆಯನ್ನು ತಪ್ಪಾಗಿ ಕೊಟ್ಟಿದ್ದರೂ ಶಕ್ತಿಯ ಲೆಕ್ಕ ಸೊಗಸಾಗಿ ತಾಳೆಯಾಗುತ್ತದೆ. ಅದಕ್ಕೆ ವೋಚರು ನೋಡಬೇಕು. ಇಲ್ಲಿ ವೋಚರೆಂದರೆ ಒಂದು ನಿಜವಾದ ಪರೀಕ್ಷೆ: ಹಳೆಯ ಮಾಲೊಂದನ್ನು ಬೀಳಿಸಿ, ಎಷ್ಟು ನೆಗ್ಗಿತು, ಎಲ್ಲಿ ಬಿರುಕು ಬಿಟ್ಟಿತು ಎಂದು ಅಳೆದು, ಅದೇ ಮಾಲಿನ ಗಣಕ ಮಾದರಿಯೊಂದಿಗೆ ಹೋಲಿಸುವುದು. ಹೊಂದಿದರೆ ಹೊಸ ವಿನ್ಯಾಸಕ್ಕೆ ಅದೇ ಮಾದರಿಯನ್ನು ನಂಬಬಹುದು.

ಲೆಕ್ಕಪತ್ರ ಮತ್ತು ತೆರಿಗೆ

ವಿಶ್ಲೇಷಣೆಯ ಶುಲ್ಕವನ್ನು ಬಿಡಿಭಾಗದ ದರದೊಳಗೆ ಅಡಗಿಸುವ ರೂಢಿ ಹಲವರಲ್ಲಿದೆ. ಗ್ರಾಹಕರು ಹೇಳಿದಷ್ಟು ಮಾಲನ್ನು ಎತ್ತದಿದ್ದರೆ ಆ ವೆಚ್ಚ ವಸೂಲಾಗದೆ ಉಳಿಯುತ್ತದೆ. ಡೈ ವೆಚ್ಚದಂತೆ ಇದನ್ನೂ ದರಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸುವುದು ಕ್ಷೇಮ. ಆರ್ಡರು ಖಚಿತವಾಗದ ಹಂತದ ಶುಲ್ಕವನ್ನು ಆಯಾ ವರ್ಷದ ವೆಚ್ಚವಾಗಿಯೇ ಬರೆಯುವುದು ಉಚಿತ. ಲೆಕ್ಕಪತ್ರ ಮಾನಕ 26ರಂತೆ ಅಭಿವೃದ್ಧಿ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸಲು ಅದರಿಂದ ಮುಂದೆ ಆದಾಯ ಬರುವುದೆಂಬುದಕ್ಕೆ ಆಧಾರ ಬೇಕು. ದೇಶದೊಳಗಿನ ಸಂಸ್ಥೆಯ ಬಿಲ್ಲಿನ ಮೇಲಿನ ಜಿಎಸ್‌ಟಿಗೆ ಸಾಮಾನ್ಯ ನೋಂದಣಿಯುಳ್ಳವರು ಹೂಡುವಳಿ ತೆರಿಗೆ ಜಮೆ ಪಡೆಯಬಹುದು, ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಅದಿಲ್ಲ. ವಿದೇಶಿ ಸಂಸ್ಥೆಯಿಂದ ಪರವಾನಗಿ ಪಡೆದು ಸ್ವತಃ ವಿಶ್ಲೇಷಣೆ ಮಾಡುವವರು ರಿವರ್ಸ್ ಚಾರ್ಜ್ ಮೇಲೆ ಜಿಎಸ್‌ಟಿ ಕಟ್ಟಬೇಕಾಗುತ್ತದೆ.

ಹಾಗೆ ಕೊಳ್ಳುವ ಸಿದ್ಧ ಸಾಫ್ಟ್‌ವೇರಿನ ಬೆಲೆ "ರಾಯಲ್ಟಿ"ಯೇ, ಅದರ ಮೇಲೆ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕೇ ಎಂಬುದು ಬಹುಕಾಲ ವಿವಾದದಲ್ಲಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯವು 2011ರಲ್ಲಿ ರಾಯಲ್ಟಿಯೆಂದೇ ತೀರ್ಪಿತ್ತಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ಆ ನಿಲುವನ್ನು ತಳ್ಳಿಹಾಕಿ, ಕೃತಿಸ್ವಾಮ್ಯದ ಹಕ್ಕನ್ನು ವರ್ಗಾಯಿಸದೆ ಬಳಕೆಗೆ ಮಾತ್ರ ಕೊಟ್ಟ ಸಾಫ್ಟ್‌ವೇರಿನ ಬೆಲೆ, ತೆರಿಗೆ ಒಪ್ಪಂದಗಳ ಅರ್ಥದಲ್ಲಿ ರಾಯಲ್ಟಿಯಲ್ಲ ಎಂದಿತು. ವಿದೇಶಿ ತಜ್ಞರಿಂದ ವಿಶ್ಲೇಷಣೆಯನ್ನೇ ಮಾಡಿಸಿಕೊಂಡರೆ ಅದು ತಾಂತ್ರಿಕ ಸೇವೆಯ ಪ್ರಶ್ನೆ. ಈ ತೀರ್ಪನ್ನು ಅಲ್ಲಿಗೆ ಎಳೆಯಬಾರದು.

ಕೊನೆಯದಾಗಿ, ಕೆಲಸದ ಆದೇಶದ ಒಕ್ಕಣೆ. ತುಂಡಿನ ಅಳತೆ, ಕೂಡುವೆಡೆಗಳನ್ನು ತೋರಿಸಿದ ಬಗೆ, ಲೋಹದ ಅಂಕಿಗಳ ಮೂಲ, ಸೇರಿಸಿದ ಕೃತಕ ತೂಕ, ಶಕ್ತಿಯ ತಾಳೆಪಟ್ಟಿ ಇವೆಲ್ಲ ವರದಿಯಲ್ಲಿ ಇರತಕ್ಕದ್ದೆಂದು ಆದೇಶದಲ್ಲಿಯೇ ಬರೆಯಬೇಕು. ಜೊತೆಗೆ ಲೆಕ್ಕದ ಮೂಲ ಇನ್‌ಪುಟ್ ಫೈಲನ್ನು ಉದ್ದಿಮೆದಾರರಿಗೆ ಒಪ್ಪಿಸತಕ್ಕದ್ದೆಂಬ ಷರತ್ತೂ ಇರಲಿ. ಬರಿಯ ಮುದ್ರಿತ ವರದಿಯನ್ನು ಪಡೆದವರು ನಕ್ಷೆಯಲ್ಲಿ 2 ಮಿ.ಮೀ. ಬದಲಾದರೂ ಪೂರ್ತಿ ಶುಲ್ಕವನ್ನು ಮತ್ತೆ ತೆರಬೇಕಾಗುತ್ತದೆ. ಫೈಲು ಕೈಯಲ್ಲಿದ್ದರೆ ಆ ಕೆಲಸವನ್ನು ಅದೇ ಸಂಸ್ಥೆಯಿಂದಲೋ ಬೇರೆಯವರಿಂದಲೋ ಕಡಿಮೆ ವೆಚ್ಚದಲ್ಲಿ ಮಾಡಿಸಬಹುದು.